ಗಡಿಯಾರವನ್ನು ಗೆದ್ದವನು, ಜನರ ಮನಸ್ಸು ಗೆದ್ದವನು

ಬಾಡಿಗೆ ಸೈಕಲ್ಲಿನ ಕಾಲವೊಂದಿತ್ತು. ಬಳ್ಳಾರಿಯಲ್ಲಾಗಲಿ, ಸಿರುಗುಪ್ಪ, ಕುರುಗೋಡಿನಂಥ ಊರುಗಳಲ್ಲಾಗಲಿ, ಸೈಕಲ್ ಶಾಪಿನ ಮುಂದೆ ನಂಬರು ಬರೆದ ಸೈಕಲ್ಲುಗಳು ಸಾಲಾಗಿ ನಿಂತಿರುತ್ತಿದ್ದವು. ಅಂಗಡಿಯಾತ ಗೋಡೆಯ ಗಡಿಯಾರ ನೋಡಿ ಪುಸ್ತಕದಲ್ಲಿ ಹುಡುಗನ ಹೆಸರು ಮತ್ತು ಹೊತ್ತು ಬರೆದುಕೊಳ್ಳುತ್ತಿದ್ದ. ಬಾಡಿಗೆ ಗಂಟೆಯ ಲೆಕ್ಕದಲ್ಲಿ. ಸೀಟಿಗೆ ಕಾಲು ಎಟುಕದ ಹುಡುಗ ಒಳಪೆಡಲು ಹೊಡೆಯುತ್ತ, ಕೊಟ್ಟ ಕಾಸು ದಂಡವಾಗಬಾರದೆಂದು ಆ ಒಂದು ಗಂಟೆಯಲ್ಲಿ ಎಷ್ಟು ದೂರ ಆಗುತ್ತದೋ ಅಷ್ಟು ದೂರ ತುಳಿಯುತ್ತಿದ್ದ. ಗಂಟೆ ಮೀರಿದರೆ ಹೆಚ್ಚಿನ ಬಾಡಿಗೆ. ಬೇಗ ಬಂದರೆ ತನಗೇ ನಷ್ಟ.

ಒಂದು ಗಂಟೆಯಲ್ಲಿ ಮನುಷ್ಯ ಸೈಕಲ್ಲಿನ ಮೇಲೆ ಎಷ್ಟು ದೂರ ಹೋಗಬಲ್ಲ? ಆ ಹುಡುಗನ ಪ್ರಶ್ನೆಯೇ ಜಗತ್ತಿನ ಸೈಕಲ್ ಕ್ರೀಡೆಯ ಅತಿ ಹಳೆಯ, ಅತಿ ಕಠಿಣ ಪ್ರಶ್ನೆಗಳಲ್ಲಿ ಒಂದು. ಬಳ್ಳಾರಿಯಿಂದ ಕುರುಗೋಡು ಸುಮಾರು 28 ಕಿ.ಮೀ. ಗಟ್ಟಿಗನಾದವನು ಸಾಮಾನ್ಯ ಸೈಕಲ್ಲಿನಲ್ಲಿ ಅಲ್ಲಿಗೆ ಮುಟ್ಟಲು ಎರಡು ಗಂಟೆಯಾದರೂ ಬೇಕು. ಸಿರುಗುಪ್ಪ ಸುಮಾರು 55 ಕಿ.ಮೀ.; ಅಷ್ಟು ದೂರಕ್ಕೆ ಬೆಳಿಗ್ಗೆ ಹೊರಟವನು ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟಿದರೆ ದೊಡ್ಡದು. 1956ರಲ್ಲಿ ಇಪ್ಪತ್ತೆರಡು ವರ್ಷದ ಫ್ರೆಂಚ್ ತರುಣನೊಬ್ಬ ಒಂದೇ ಗಂಟೆಯಲ್ಲಿ 46 ಕಿ.ಮೀ. ದಾಟಿದ. ಅದೇ ವೇಗದಲ್ಲಿ ಬಳ್ಳಾರಿಯಿಂದ ಹೊರಟಿದ್ದರೆ ಗಂಟೆ ಮುಗಿಯುವಾಗ ಆತ ತೆಕ್ಕಲಕೋಟೆಯ ಆಸುಪಾಸಿನಲ್ಲಿರುತ್ತಿದ್ದ.

ಆ ತರುಣನ ಹೆಸರು ಜಾಕ್ ಆಂಕೆತಿಲ್. ಸೈಕಲ್ ಪಂದ್ಯದಲ್ಲಿ ಗೆಲ್ಲಬಹುದಾದುದನ್ನು ಬಹುಮಟ್ಟಿಗೆ ಎಲ್ಲವನ್ನೂ ಆತ ಗೆದ್ದ. ಆದರೂ ಆತನ ದೇಶದ ಜನ ಹೆಚ್ಚು ಪ್ರೀತಿಸಿದ್ದು ಆತನನ್ನಲ್ಲ, ಆತನಿಗೆ ಸೋತವನನ್ನು. ಈ ವಿಚಿತ್ರ ಹೇಗಾಯಿತೆಂಬುದೇ ಆತನ ಬದುಕಿನ ಕತೆ.

ಒಬ್ಬನೇ ತಂದೆ, ಎರಡು ಮಕ್ಕಳು

ಸೈಕಲ್ ಸ್ಪರ್ಧೆಯಲ್ಲಿ ಎರಡು ಕವಲುಗಳಿವೆ. ಒಂದು ರಸ್ತೆ, ಇನ್ನೊಂದು ಟ್ರ್ಯಾಕ್. ರಸ್ತೆಯಲ್ಲಿ ಬಿಸಿಲು, ಮಳೆ, ಏರು, ಇಳುಕಲು, ಪಂಕ್ಚರ್, ಎದುರಾಳಿಯ ಕುತಂತ್ರ ಎಲ್ಲವೂ ಇರುತ್ತವೆ. ಟ್ರ್ಯಾಕ್ ಎಂದರೆ ಬಟ್ಟಲಿನಂತೆ ಅಂಚು ಎತ್ತರಿಸಿ ಕಟ್ಟಿದ ಅಂಡಾಕಾರದ ದಾರಿ. ಅಲ್ಲಿ ಓಡಿಸುವ ಸೈಕಲ್ಲಿಗೆ ಬ್ರೇಕಿಲ್ಲ, ಗೇರಿಲ್ಲ, ಫ್ರೀವೀಲ್ ಕೂಡ ಇಲ್ಲ. ಚಕ್ರ ತಿರುಗುವವರೆಗೆ ಪೆಡಲೂ ತಿರುಗುತ್ತಲೇ ಇರುತ್ತದೆ. ಕಾಲಿಗೆ ಕ್ಷಣದ ಬಿಡುವಿಲ್ಲ.

ಈ ಎರಡು ಕವಲುಗಳ ಎರಡು ದೊಡ್ಡ ಸ್ಪರ್ಧೆಗಳಿಗೂ ಕಾರಣನಾದವನು ಒಬ್ಬನೇ. ಆಂರಿ ದೆಗ್ರಾಂಜ್ ಎಂಬ ಪ್ಯಾರಿಸ್ಸಿನವನು 1893ರ ಮೇ 11ರಂದು ಟ್ರ್ಯಾಕಿನ ಮೇಲೆ ಒಂದು ಗಂಟೆಯಲ್ಲಿ 35.325 ಕಿ.ಮೀ. ಕ್ರಮಿಸಿ ಗಂಟೆಯ ದಾಖಲೆಯನ್ನು ಆರಂಭಿಸಿದ. ಬಳಿಕ ಆತ ಲೋತೊ ಎಂಬ ಕ್ರೀಡಾಪತ್ರಿಕೆಯ ಸಂಪಾದಕನಾದ. ಎದುರಾಳಿ ಪತ್ರಿಕೆಯನ್ನು ಹಿಂದಿಕ್ಕಿ ಪ್ರಸಾರ ಹೆಚ್ಚಿಸಬೇಕೆಂದು 1903ರಲ್ಲಿ ಫ್ರಾನ್ಸನ್ನೇ ಸುತ್ತಿ ಬರುವ ಪಂದ್ಯ ನಡೆಸಿದ. ಅದೇ ಟೂರ್ ದ ಫ್ರಾನ್ಸ್. ಆ ಪತ್ರಿಕೆ ಹಳದಿ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಒಟ್ಟು ಸಮಯದಲ್ಲಿ ಮುಂದಿರುವವನು ಹಳದಿ ಅಂಗಿ ತೊಡುವ ಪದ್ಧತಿ 1919ರಲ್ಲಿ ಬಂತು. ಪತ್ರಿಕೆ ಇಂದು ಇಲ್ಲ, ಅಂಗಿ ಉಳಿದಿದೆ.

ಮೂರು ವಾರ, ಆಂಕೆತಿಲ್‌ನ ಕಾಲದಲ್ಲಿ ನಾಲ್ಕು ಸಾವಿರ ಕಿ.ಮೀ.ಗೂ ಹೆಚ್ಚು ದೂರ. ಕೆಲವು ದಿನ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಎರಡು ಸಲ ಹೋಗಿ ಬಂದಷ್ಟು ತುಳಿಯಬೇಕು. ಅದೂ ಮಟ್ಟಸವಾದ ಎರೆಹೊಲದ ನಡುವಿನ ರಸ್ತೆಯಲ್ಲಲ್ಲ, ಆಲ್ಪ್ಸ್ ಮತ್ತು ಪಿರನೀಸ್ ಪರ್ವತಗಳನ್ನು ಹತ್ತಿ ಇಳಿದು. ನೋಡಲು ಟಿಕೇಟಿಲ್ಲ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ತೇರು ಬರುವ ದಾರಿಯ ಎರಡೂ ಬದಿ ಜನ ಬುತ್ತಿ ಕಟ್ಟಿಕೊಂಡು ಬಂದು ಕಾಯುವಂತೆ, ಅಲ್ಲಿಯೂ ಸಂಸಾರ ಸಮೇತ ರಸ್ತೆ ಪಕ್ಕದಲ್ಲಿ ಗಂಟೆಗಟ್ಟಲೆ ಕಾಯುತ್ತಾರೆ. ಸೈಕಲ್ಲುಗಳು ದಾಟಿ ಹೋಗಲು ಒಂದು ನಿಮಿಷವೂ ಹಿಡಿಯುವುದಿಲ್ಲ. ಆ ಒಂದು ನಿಮಿಷದಲ್ಲಿ ಕಂಡ ಮುಖದ ಮೇಲೆಯೇ ಜನ ತಮ್ಮವನು ಯಾರೆಂದು ನಿರ್ಧರಿಸುತ್ತಾರೆ. ಆಂಕೆತಿಲ್‌ನ ಪಾಲಿಗೆ ಮುಳುವಾದದ್ದು ಇದೇ ಎನ್ನಬಹುದು.

ಸ್ಟ್ರಾಬೆರಿ ತೋಟದ ಹುಡುಗ

ಜಾಕ್ ಹುಟ್ಟಿದ್ದು 1934ರ ಜನವರಿ 8ರಂದು, ಉತ್ತರ ಫ್ರಾನ್ಸಿನ ನಾರ್ಮಂಡಿಯಲ್ಲಿ, ರುಆಂ ನಗರದ ಬದಿಯ ಊರಿನಲ್ಲಿ. ತಂದೆ ಗಾರೆ ಕೆಲಸದವನು. ಬಳಿಕ ಕುಟುಂಬ ಹಳ್ಳಿಗೆ ಹೋಗಿ ಸ್ಟ್ರಾಬೆರಿ ಬೆಳೆಯಿತು. ಹುಡುಗ ತಾಂತ್ರಿಕ ಶಾಲೆಯಲ್ಲಿ ಲೇತ್ ಕೆಲಸ ಕಲಿತು ಕಾರ್ಖಾನೆ ಸೇರಿದ. ಸಹಪಾಠಿಯೊಬ್ಬ ಸೈಕಲ್ ಪಂದ್ಯಕ್ಕೆ ಹೋಗುವುದನ್ನು ಕಂಡು ತಾನೂ ಹೋದ. ಆಂದ್ರೆ ಬೂಷೆ ಎಂಬ ಸೈಕಲ್ ಅಂಗಡಿಯಾತ ಆ ಊರಿನ ಕ್ಲಬ್ಬಿನ ತರಬೇತುದಾರ. ಆತನ ಕಣ್ಣಿಗೆ ಈ ಹುಡುಗ ಬಿದ್ದ. ವಾರದ ನಡುವೆ ಅಭ್ಯಾಸಕ್ಕೆ ರಜೆ ಸಿಗದೆ ಹೋದಾಗ ಹುಡುಗ ಕಾರ್ಖಾನೆಯನ್ನೇ ಬಿಟ್ಟ.

1952ರಲ್ಲಿ ಆತ ಫ್ರಾನ್ಸಿನ ಹವ್ಯಾಸಿಗಳ ರಸ್ತೆ ಚಾಂಪಿಯನ್. ಅದೇ ವರ್ಷ ಹೆಲ್ಸಿಂಕಿ ಒಲಿಂಪಿಕ್ಸಿನ ತಂಡ ಸ್ಪರ್ಧೆಯಲ್ಲಿ ಕಂಚು.

ಮರುವರ್ಷದ ಸೆಪ್ಟೆಂಬರ್ ಕೊನೆಯಲ್ಲಿ, ಬಳ್ಳಾರಿ ಸೀಮೆಯ ಜನ ಬೇರೊಂದು ಸಂಭ್ರಮದಲ್ಲಿದ್ದರು. ಮದ್ರಾಸು ರಾಜ್ಯದಲ್ಲಿದ್ದ ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವುದಿತ್ತು. ಆ ದಿನಗಳಲ್ಲೇ ಪ್ಯಾರಿಸ್ಸಿನ ಬಳಿ ಹತ್ತೊಂಬತ್ತು ವರ್ಷದ ಆಂಕೆತಿಲ್ ಗ್ರಾಂ ಪ್ರೀ ದೆ ನಾಸ್ಯೋಂ ಎಂಬ 140 ಕಿ.ಮೀ. ಪಂದ್ಯವನ್ನು ಆರು ನಿಮಿಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದು ರಾತ್ರೋರಾತ್ರಿ ಪ್ರಸಿದ್ಧನಾದ.

ಅದು ಗುಂಪಿನಲ್ಲಿ ಓಡುವ ಪಂದ್ಯವಲ್ಲ, ಸಮಯದ ವಿರುದ್ಧದ ಪಂದ್ಯ. ಸ್ಪರ್ಧಿಗಳನ್ನು ಒಬ್ಬೊಬ್ಬರನ್ನಾಗಿ, ಕೆಲವು ನಿಮಿಷಗಳ ಅಂತರದಲ್ಲಿ ಬಿಡುತ್ತಾರೆ. ಇನ್ನೊಬ್ಬನ ಹಿಂದೆ ಅವಿತುಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ. ಎದುರಿಗೆ ಖಾಲಿ ರಸ್ತೆ, ಕೈಯಲ್ಲಿ ಗಡಿಯಾರ ಹಿಡಿದ ಪಂಚರು, ಅಷ್ಟೆ. ಈ ಪಂದ್ಯವನ್ನು ಆಂಕೆತಿಲ್ ತನ್ನ ಜೀವಮಾನದಲ್ಲಿ ಒಂಬತ್ತು ಸಲ ಗೆದ್ದ.

ಗಾಳಿಯ ಲೆಕ್ಕ

ಸೈಕಲ್ ತುಳಿಯುವವನ ನಿಜವಾದ ವೈರಿ ಗಾಳಿ. ತುಂಗಭದ್ರೆಯ ಕಾಲುವೆ ಬಯಲಲ್ಲಿ ಎದುರುಗಾಳಿಗೆ ಸಿಕ್ಕಿ ಕ್ಯಾರಿಯರ್ ಮೇಲೆ ಚೀಲ ಹೇರಿಕೊಂಡು ತುಳಿದ ಯಾವ ರೈತನಿಗೂ ಇದನ್ನು ಹೇಳಿಕೊಡಬೇಕಿಲ್ಲ. ಲೆಕ್ಕ ಹೀಗಿದೆ: ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಆ ತಡೆಯನ್ನು ಮೀರಲು ಕಾಲು ಒದಗಿಸಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಗಂಟೆಗೆ 23 ಕಿ.ಮೀ. ಹೋಗುವವನು 46 ಕಿ.ಮೀ. ಹೋಗಬೇಕಾದರೆ ಎರಡಾಳಿನ ಬಲ ಸಾಲದು, ಸುಮಾರು ಎಂಟಾಳಿನ ಬಲ ಬೇಕು. ಹಾಗಾಗಿ ದಾಖಲೆಗೆ ಹತ್ತು ಮೀಟರ್ ಸೇರಿಸುವುದೂ ಕಷ್ಟ.

ಬಲ ಹೆಚ್ಚಿಸಲಾಗದಿದ್ದರೆ ತಡೆ ಕಡಿಮೆ ಮಾಡಬೇಕು. ಆಂಕೆತಿಲ್‌ನ ವಿದ್ಯೆ ಇದ್ದದ್ದು ಇಲ್ಲಿ. ಆತ ಬೆನ್ನನ್ನು ಮಣೆಯಂತೆ ಮಟ್ಟಸ ಮಾಡಿ, ತಲೆ ತಗ್ಗಿಸಿ, ಮೊಳಕೈ ಒಳಕ್ಕೆಳೆದುಕೊಂಡು, ಕಾಲ್ಬೆರಳು ನೆಲದತ್ತ ಚಾಚಿ ತುಳಿಯುತ್ತಿದ್ದ. ಭುಜ ಅಲುಗುತ್ತಿರಲಿಲ್ಲ. ಮುಖದಲ್ಲಿ ನೋವಿನ ಗೆರೆ ಕಾಣುತ್ತಿರಲಿಲ್ಲ. ಕಂಡವರಿಗೆ ಸಲೀಸಾಗಿ ಹೋಗುತ್ತಿದ್ದಾನೆ ಎನಿಸುತ್ತಿತ್ತು. ಬಲ್ಲವರು ಅದನ್ನು ಕಲೆ ಎಂದರು. ರಸ್ತೆ ಪಕ್ಕದ ಜನಕ್ಕೆ ಮಾತ್ರ ಅದು ತಣ್ಣಗಿನ ಯಂತ್ರದಂತೆ ಕಂಡಿತು.

1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಇಟಲಿಯ ಫೌಸ್ಟೊ ಕಾಪ್ಪಿ ಮಿಲಾನ್ ನಗರದ ವಿಗೊರೆಲ್ಲಿ ಟ್ರ್ಯಾಕಿನಲ್ಲಿ ಗಂಟೆಗೆ 45.798 ಕಿ.ಮೀ. ದಾಖಲೆ ಸ್ಥಾಪಿಸಿದ್ದ. ಹದಿನಾಲ್ಕು ವರ್ಷ ಅದನ್ನು ಯಾರೂ ಮುಟ್ಟಲಾಗಿರಲಿಲ್ಲ. ಆಂಕೆತಿಲ್ ಕೂಡ ಮೊದಲ ಪ್ರಯತ್ನದಲ್ಲಿ ಸೋತ. 1956ರ ಜೂನ್ 29ರಂದು ಅದೇ ಟ್ರ್ಯಾಕಿನಲ್ಲಿ ಆತ 46.159 ಕಿ.ಮೀ. ಕ್ರಮಿಸಿದ. ವಿಗೊರೆಲ್ಲಿಯ ಸುತ್ತು ಸುಮಾರು 400 ಮೀಟರ್. ಸುತ್ತಿಗೆ 31 ಸೆಕೆಂಡಿನಂತೆ, ನೂರಕ್ಕೂ ಹೆಚ್ಚು ಸುತ್ತು, ಗಾಣದ ಎತ್ತಿನ ಹಾಗೆ ಒಂದೇ ದಾರಿಯಲ್ಲಿ ತಿರುಗಿದ್ದು. ಮೂರೇ ತಿಂಗಳಲ್ಲಿ ಇಟಲಿಯ ಎರ್ಕೊಲೆ ಬಾಲ್ದಿನಿ ಆ ದಾಖಲೆಯನ್ನು ಮುರಿದ. ಆದರೆ ಕಾಪ್ಪಿಯ ಗೋಡೆಯನ್ನು ಮೊದಲು ಕೆಡವಿದ ಹೆಸರು ಆಂಕೆತಿಲ್‌ನದಾಯಿತು.

ಆರು ದಿನದ ಜಾತ್ರೆ

ಬಳ್ಳಾರಿ ಸೇರಿದಂತೆ ಉತ್ತರ ಕರ್ನಾಟಕದ ಊರುಗಳಲ್ಲಿ ಹಿಂದೆ ಸೈಕಲ್ ಸಾಹಸ ನಡೆಯುತ್ತಿತ್ತು. ಬಯಲಲ್ಲಿ ಗೂಟ ನೆಟ್ಟು, ದೀಪ ಕಟ್ಟಿ, ಮೈಕಿನಲ್ಲಿ ಸಿನಿಮಾ ಹಾಡು ಹಾಕಿ, ಒಬ್ಬಾತ ದಿನಗಟ್ಟಲೆ ಸೈಕಲ್ಲಿನಿಂದ ಇಳಿಯದೆ ಸುತ್ತುತ್ತಿದ್ದ. ಸ್ನಾನ, ಊಟ ಎಲ್ಲ ಸೈಕಲ್ಲಿನ ಮೇಲೆಯೇ. ಜನ ನೋಟನ್ನು ಆತನ ಅಂಗಿಗೆ ಪಿನ್ನು ಚುಚ್ಚಿ ಹೋಗುತ್ತಿದ್ದರು. ಯುರೋಪಿನಲ್ಲೂ ಇಂಥದೇ ಒಂದು ಜಾತ್ರೆ ಇತ್ತು. ಅಲ್ಲಿ ಅದು ನಿಯಮಬದ್ಧ ಪಂದ್ಯವಾಗಿ ಬೆಳೆದಿತ್ತು. ಚಳಿಗಾಲದಲ್ಲಿ ಮುಚ್ಚಿದ ಟ್ರ್ಯಾಕುಗಳಲ್ಲಿ ಆರು ದಿನದ ಪಂದ್ಯ. ಒಂದು ತಂಡದವರು ಸರದಿಯ ಮೇಲೆ ತುಳಿಯುತ್ತಾರೆ. ಒಬ್ಬ ಟ್ರ್ಯಾಕಿನಲ್ಲಿದ್ದಾಗ ಇನ್ನೊಬ್ಬನಿಗೆ ಬಿಡುವು. ವಾದ್ಯ, ಊಟ, ಕುಡಿತ, ಬಾಜಿ ಎಲ್ಲ ಸುತ್ತ ನಡೆದೇ ಇರುತ್ತಿತ್ತು.

1957 ಮತ್ತು 1958ರಲ್ಲಿ ಪ್ಯಾರಿಸ್ಸಿನ ಆರು ದಿನದ ಪಂದ್ಯವನ್ನು ಆಂಕೆತಿಲ್, ತನ್ನ ಗೆಳೆಯ ಆಂದ್ರೆ ದಾರಿಗಾದ್ ಮತ್ತು ಇಟಲಿಯ ತೆರುಝ್ಝಿಯ ಜೊತೆಗೂಡಿ ಗೆದ್ದ. ಅದು ನಡೆಯುತ್ತಿದ್ದ ವೆಲ್ ದೀವ್ ಎಂಬ ಕಟ್ಟಡಕ್ಕೆ ಕರಾಳ ನೆನಪೂ ಇತ್ತು. 1942ರ ಜುಲೈಯಲ್ಲಿ ಪ್ಯಾರಿಸ್ಸಿನ ಸಾವಿರಾರು ಯಹೂದಿಗಳನ್ನು, ಮಕ್ಕಳೆನ್ನದೆ, ಸಾವಿನ ಶಿಬಿರಗಳಿಗೆ ಸಾಗಿಸುವ ಮೊದಲು ಕೂಡಿಹಾಕಿದ್ದು ಅಲ್ಲಿಯೇ. 1959ರಲ್ಲಿ ಆ ಕಟ್ಟಡವನ್ನು ಕೆಡವಲಾಯಿತು.

ಟ್ರ್ಯಾಕಿನಲ್ಲಿ ಕಲಿತದ್ದನ್ನು ಆಂಕೆತಿಲ್ ರಸ್ತೆಗೆ ತಂದ. 1957ರಲ್ಲಿ ಮೊದಲ ಸಲ ಟೂರ್ ದ ಫ್ರಾನ್ಸಿಗೆ ಇಳಿದವನೇ ಸುಮಾರು 15 ನಿಮಿಷದ ಅಂತರದಿಂದ ಗೆದ್ದ. 1961ರಲ್ಲಿ ಮೊದಲ ದಿನವೇ ಹಳದಿ ಅಂಗಿ ತೊಟ್ಟು ಕೊನೆಯ ದಿನದವರೆಗೆ ಬಿಚ್ಚಲಿಲ್ಲ. 1962, 1963, 1964ರಲ್ಲೂ ಗೆಲುವು. ಟೂರ್ ದ ಫ್ರಾನ್ಸನ್ನು ಐದು ಸಲ ಗೆದ್ದವರಲ್ಲಿ ಆತನೇ ಮೊದಲಿಗ. ಇಟಲಿಯ ಸುತ್ತು ಎರಡು ಸಲ, ಸ್ಪೇನಿನ ಸುತ್ತು ಒಂದು ಸಲ ಗೆದ್ದು, ಈ ಮೂರು ಮಹಾಸುತ್ತುಗಳನ್ನೂ ಗೆದ್ದ ಮೊದಲಿಗನೂ ಆದ.

ಆತನ ಸೂತ್ರ ಸರಳ. ಸಮಯದ ವಿರುದ್ಧದ ಪಂದ್ಯಗಳು ಬಂದ ದಿನ ನಿಮಿಷಗಳನ್ನು ಗಳಿಸುವುದು. ಬೆಟ್ಟದ ದಿನಗಳಲ್ಲಿ ಆ ಗಳಿಕೆಯನ್ನು ಲೋಭಿಯಂತೆ ಕಾಯುವುದು. ಬೇಕಾದುದಕ್ಕಿಂತ ಒಂದು ಸೆಕೆಂಡ್ ಹೆಚ್ಚು ಗೆಲ್ಲುವ ಆಸೆ ಆತನಿಗಿರಲಿಲ್ಲ. ಜಾಣತನವೇನೋ ಹೌದು. ಆದರೆ ಜನಕ್ಕೆ ಬೇಕಾದದ್ದು ಕದನ. ಆತ ಕೊಟ್ಟದ್ದು ಲೆಕ್ಕಪತ್ರ. 1959ರಲ್ಲಿ, ತನ್ನದೇ ದೇಶದ ಇನ್ನೊಬ್ಬ ಗೆಲ್ಲದಂತೆ ತಡೆದನೆಂಬ ಸಿಟ್ಟಿನಿಂದ ಪ್ಯಾರಿಸ್ಸಿನ ಪ್ರೇಕ್ಷಕರು ಆತನಿಗೆ ಸಿಳ್ಳೆ ಹೊಡೆದು ಅವಮಾನಿಸಿದರು. ಫ್ರಾನ್ಸಿನಲ್ಲಿ ಸಿಳ್ಳೆ ಮೆಚ್ಚುಗೆಯಲ್ಲ, ಛೀಮಾರಿ. ಬಳಿಕ ಆತ ಕೊಂಡ ದೋಣಿಗೆ ‘ಸಿಳ್ಳೆ 59’ ಎಂದೇ ಹೆಸರಿಟ್ಟ. ಅವಮಾನವನ್ನು ನುಂಗಿ, ಅದನ್ನೇ ಬೋರ್ಡಿನ ಮೇಲೆ ಬರೆಸುವ ಛಲ ಅದು.

ಎರಡನೆಯವನು

ಈ ಹೊತ್ತಿಗೆ ಬಂದವನು ರೇಮೊಂ ಪುಲಿದೋರ್. 1936ರಲ್ಲಿ ಮಧ್ಯ ಫ್ರಾನ್ಸಿನ ಬಡ ಸೀಮೆಯೊಂದರಲ್ಲಿ ಹುಟ್ಟಿದವನು. ತಂದೆತಾಯಿ ಬೇರೆಯವರ ಹೊಲವನ್ನು ಪಾಲಿಗೆ ಮಾಡುವ ರೈತರು. ಬಿಸಿಲಲ್ಲಿ ಬೆಂದ ಮುಖ, ಕಡಿಮೆ ಮಾತು, ಸಂಕೋಚದ ನಗೆ. ಸಿರುಗುಪ್ಪದ ಭತ್ತದ ಗದ್ದೆಯ ಬದುವಿನ ಮೇಲೆ ಅಂಥ ಮುಖಗಳನ್ನು ಇಂದಿಗೂ ಕಾಣಬಹುದು. ಆತ ಟೂರ್ ದ ಫ್ರಾನ್ಸಿನಲ್ಲಿ ಮೂರು ಸಲ ಎರಡನೆಯವನಾದ, ಐದು ಸಲ ಮೂರನೆಯವನಾದ. ಒಂದೇ ಒಂದು ದಿನವೂ ಹಳದಿ ಅಂಗಿ ತೊಡಲಿಲ್ಲ. ಸಾಮಾನ್ಯನೇನಲ್ಲ, 1961ರಲ್ಲಿ ಮಿಲಾನ್–ಸಾನ್ ರೆಮೊ ಪಂದ್ಯವನ್ನೂ, 1964ರಲ್ಲಿ ಸ್ಪೇನಿನ ಸುತ್ತನ್ನೂ ಗೆದ್ದವನು. ಆದರೆ ಸೋಲಿನಿಂದಲೇ ಆತ ಮನೆಮಾತಾದ. ಎಷ್ಟೆಂದರೆ, ಯಾವಾಗಲೂ ಎರಡನೆಯವನಾಗುವವನಿಗೆ ಫ್ರಾನ್ಸಿನಲ್ಲಿ ಪುಲಿದೋರ್ ಎಂದೇ ಹೆಸರಾಯಿತು.

1964ರ ಟೂರ್ ಇಬ್ಬರ ನಡುವಿನ ಪಂದ್ಯವಾಯಿತು. ಆ ವರ್ಷ ಆಂಕೆತಿಲ್ ಇಟಲಿಯ ಸುತ್ತನ್ನು ಗೆದ್ದು ದಣಿದು ಬಂದಿದ್ದ. ಒಂದು ದಿನದ ಓಟ ಮೊನಾಕೊದ ಕ್ರೀಡಾಂಗಣದಲ್ಲಿ ಕೊನೆಗೊಳ್ಳುವುದಿತ್ತು. ರಸ್ತೆಯಿಂದ ಬಂದವರು ಅಲ್ಲಿನ ಟ್ರ್ಯಾಕಿನಲ್ಲಿ ಒಂದು ಸುತ್ತು ಹಾಕಿ ಮುಗಿಸಬೇಕು. ಪುಲಿದೋರ್ ಎಲ್ಲರಿಗಿಂತ ಮುಂದೆ ಒಳಗೆ ನುಗ್ಗಿ ಗೆರೆ ದಾಟಿ, ಗೆದ್ದೆನೆಂದು ತುಳಿಯುವುದನ್ನು ನಿಲ್ಲಿಸಿದ. ಇನ್ನೂ ಒಂದು ಸುತ್ತು ಬಾಕಿ ಇತ್ತು. ಟ್ರ್ಯಾಕಿನಲ್ಲೇ ಬೆಳೆದ ಆಂಕೆತಿಲ್ ಲೆಕ್ಕ ತಪ್ಪಲಿಲ್ಲ. ಆ ದಿನ ಗೆದ್ದು, ಗೆದ್ದವನಿಗೆ ಸಿಗುವ ಒಂದು ನಿಮಿಷದ ರಿಯಾಯಿತಿಯನ್ನೂ ಪಡೆದ.

ಜುಲೈ 12ರಂದು ಪ್ವೀ ದ ದೋಮ್ ಎಂಬ ಆರಿದ ಜ್ವಾಲಾಮುಖಿಯ ನೆತ್ತಿಗೆ ಏರುವ ದಿನ. ಬಯಲ ನಡುವೆ ಬಳ್ಳಾರಿ ಗುಡ್ಡ ಎದ್ದು ನಿಂತಂತೆ ಒಂಟಿಯಾಗಿ ಕಾಣುವ ಶಿಖರ ಅದು, ಎತ್ತರ ಮಾತ್ರ ಹಲವು ಪಟ್ಟು. ದಾರಿ ಗುಡ್ಡವನ್ನು ಸುತ್ತಿಕೊಂಡು ಕಡಿದಾಗಿ ಹತ್ತುತ್ತದೆ. ಲಕ್ಷಗಟ್ಟಲೆ ಜನ ಸೇರಿದ್ದರು. ಆಂಕೆತಿಲ್ ಮುಂದಿದ್ದದ್ದು ಕೇವಲ 56 ಸೆಕೆಂಡಿನಿಂದ. ಹತ್ತುವುದರಲ್ಲಿ ಪುಲಿದೋರ್ ಮೇಲು ಎಂಬುದು ಇಬ್ಬರಿಗೂ ಗೊತ್ತಿತ್ತು. ದಣಿದವನು ಎದುರಾಳಿಯ ಹಿಂದೆ ಅವಿತುಕೊಳ್ಳುವುದು ರೂಢಿ. ಆಂಕೆತಿಲ್ ಹಾಗೆ ಮಾಡದೆ ಪಕ್ಕಕ್ಕೆ ಬಂದು, ಭುಜಕ್ಕೆ ಭುಜ, ಮೊಳಕೈಗೆ ಮೊಳಕೈ ತಾಗಿಸಿಕೊಂಡು ಹತ್ತಿದ. ತನಗೆ ದಣಿವಾಗಿಲ್ಲವೆಂದು ತೋರಿಸುವ ಆಟ ಅದು. ಒಳಗೆ ಉಸಿರು ಮುಗಿದಿತ್ತು. ಇಬ್ಬರೂ ಒರಗಿ ಹತ್ತುತ್ತಿರುವ ಆ ಚಿತ್ರ ಸೈಕಲ್ ಇತಿಹಾಸದ ಅತಿ ಪ್ರಸಿದ್ಧ ಚಿತ್ರ.

ಕೊನೆಯ ಒಂದು ಕಿ.ಮೀ.ಯ ಒಳಗೆ ಆಟ ಬಯಲಾಯಿತು. ಪುಲಿದೋರ್ ಮುಂದೆ ಸರಿದ. ನೆತ್ತಿ ಮುಟ್ಟುವಷ್ಟರಲ್ಲಿ 42 ಸೆಕೆಂಡ್ ಗಳಿಸಿದ. ಆಂಕೆತಿಲ್‌ನ ಬಳಿ ಉಳಿದದ್ದು 14 ಸೆಕೆಂಡ್. ಎಷ್ಟು ಉಳಿಯಿತೆಂದು ಕೇಳಿ ತಿಳಿದ ಆತ, ಬೇಕಾದುದಕ್ಕಿಂತ 13 ಹೆಚ್ಚೇ ಇದೆ ಎಂದನಂತೆ. ಪ್ಯಾರಿಸ್ಸಿನಲ್ಲಿ ಕೊನೆಯ ದಿನದ ಓಟ ಸಮಯದ ವಿರುದ್ಧದ್ದು. ಅಲ್ಲಿ ಆತನೇ ಗೆದ್ದ. ಮೂರು ವಾರದ ಕೊನೆಗೆ ಇಬ್ಬರ ನಡುವಿನ ಅಂತರ 55 ಸೆಕೆಂಡ್. ಮೊನಾಕೊದಲ್ಲಿ ಪುಲಿದೋರ್ ಮರೆತ ಒಂದು ಸುತ್ತಿನ ಬೆಲೆಗಿಂತ ಅದು ಕಡಿಮೆ.

ಗೆದ್ದವನ ಹೆಸರು ಪುಸ್ತಕಕ್ಕೆ ಸೇರಿತು. ಜನ ಪುಲಿದೋರ್‌ನನ್ನು ಹೊತ್ತು ಮೆರೆಸಿದರು.

ಪ್ರೀತಿಗಾಗಿ ಒಂದು ಹುಚ್ಚು

ಆಂಕೆತಿಲ್‌ಗೆ ಇದು ನಾಟಿತು. ಆತನ ತಂಡದ ವ್ಯವಸ್ಥಾಪಕ ರಫಾಯೆಲ್ ಜೆಮಿನಿಯಾನಿ 1965ರಲ್ಲಿ ಒಂದು ಹುಚ್ಚು ಸಾಹಸ ಸೂಚಿಸಿದ. ಆಲ್ಪ್ಸ್ ಸೀಮೆಯಲ್ಲಿ ನಡೆಯುವ ಎಂಟು ದಿನದ ದೋಫಿನೆ ಪಂದ್ಯ ಮುಗಿದ ರಾತ್ರಿಯೇ, ದೇಶದ ಇನ್ನೊಂದು ತುದಿಯಲ್ಲಿ ಬೋರ್ದೋ–ಪ್ಯಾರಿಸ್ ಪಂದ್ಯ ಆರಂಭವಾಗುವುದಿತ್ತು. ಅದು ಒಂದೇ ಓಟದಲ್ಲಿ 557 ಕಿ.ಮೀ.; ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಐದು ಸಲ ಹೋಗಿ ಬಂದಷ್ಟು ದೂರ. ಎರಡನ್ನೂ ಗೆದ್ದರೆ ಯಾರೂ ಆತನನ್ನು ಲೆಕ್ಕಿಗನೆಂದು ಹಂಗಿಸಲಾರರು.

ಮೇ 29ರ ಸಂಜೆ ಆತ ದೋಫಿನೆ ಗೆದ್ದ, ಎರಡನೆಯವನು ಪುಲಿದೋರ್. ಬಹುಮಾನ ಪಡೆದು, ಉಂಡು, ವಿಮಾನ ಹತ್ತಿ ಬೋರ್ದೋಗೆ ಬಂದ. ನಡುರಾತ್ರಿಯ ಹೊತ್ತಿಗೆ ಮತ್ತೆ ಸೈಕಲ್ಲಿನ ಮೇಲಿದ್ದ. ರಾತ್ರಿಯ ಚಳಿಯಲ್ಲಿ ಹೊಟ್ಟೆ ತೊಳಸಿ, ಬಿಟ್ಟುಬಿಡುತ್ತೇನೆಂದು ಇಳಿಯಲು ಹೊರಟವನನ್ನು ಜೆಮಿನಿಯಾನಿ ಹಂಗಿಸಿ ಮುಂದೆ ಹಚ್ಚಿದನೆಂದು ಹೇಳುತ್ತಾರೆ. ಮರುದಿನ ಪ್ಯಾರಿಸ್ಸಿನ ಪಾರ್ಕ್ ದೆ ಪ್ರಾನ್ಸ್ ಕ್ರೀಡಾಂಗಣಕ್ಕೆ ಮೊದಲಿಗನಾಗಿ ಬಂದವನು ಆಂಕೆತಿಲ್‌ನೇ. ಹಿಂದೊಮ್ಮೆ ಸಿಳ್ಳೆ ಹೊಡೆದಿದ್ದ ಪ್ಯಾರಿಸ್ ಅಂದು ಎದ್ದು ನಿಂತು ಚಪ್ಪಾಳೆ ತಟ್ಟಿತು. ಟೂರ್ ದ ಫ್ರಾನ್ಸನ್ನು ಐದು ಸಲ ಗೆದ್ದು ಪಡೆಯಲಾಗದ್ದನ್ನು ಆತ ಆ ಒಂದು ರಾತ್ರಿಯಲ್ಲಿ ಪಡೆದ.

ಬಾಟಲಿಯ ಪ್ರಶ್ನೆ

ಇಂಥ ಸಾಹಸ ಬರೀ ನೀರು ಕುಡಿದು ಆಗುತ್ತದೆಯೇ? ಈ ಪ್ರಶ್ನೆಗೆ ಉತ್ತರ ಕೊಟ್ಟವನು ಸ್ವತಃ ಆಂಕೆತಿಲ್. ಬೋರ್ದೋ–ಪ್ಯಾರಿಸ್‌ನಂಥ ಪಂದ್ಯವನ್ನು ನೀರಿನ ಮೇಲೆ ತುಳಿಯಬಹುದೆಂದು ಮೂರ್ಖ ಮಾತ್ರ ನಂಬಬಲ್ಲ ಎಂಬರ್ಥದ ಮಾತನ್ನು ಆತ ಬಹಿರಂಗವಾಗಿಯೇ ಆಡಿದ. ಆ ಕಾಲದಲ್ಲಿ ಸ್ಪರ್ಧಿಗಳು ಆಂಫೆಟಮಿನ್ ಎಂಬ ಉತ್ತೇಜಕ ಔಷಧಿ ನುಂಗುವುದು ಗುಟ್ಟೇನೂ ಆಗಿರಲಿಲ್ಲ. ಅದು ದಣಿವನ್ನು ನೀಗುವುದಿಲ್ಲ. ದಣಿವಾಗಿದೆ ಎಂಬ ಅರಿವನ್ನು ಮರೆಮಾಡುತ್ತದೆ. ಮೈ ನಿಲ್ಲಿಸೆಂದು ಕೂಗುವುದು ಮನಸ್ಸಿಗೆ ಕೇಳಿಸದಂತಾಗುತ್ತದೆ. ಅಪಾಯವಿರುವುದೂ ಅಲ್ಲಿಯೇ.

1965ರಲ್ಲಿ ಫ್ರಾನ್ಸ್ ಇದರ ವಿರುದ್ಧ ಕಾನೂನು ತಂದಿತು. 1966ರ ಟೂರ್ ಬೋರ್ದೋ ತಲುಪಿದಾಗ ಮೊದಲ ಸಲ ಮೂತ್ರ ಪರೀಕ್ಷೆ ನಡೆಯಿತು. ಮರುದಿನ ಸ್ಪರ್ಧಿಗಳು ಸೈಕಲ್ ಇಳಿದು ನಡೆದು ಪ್ರತಿಭಟಿಸಿದರು. ಆಂಕೆತಿಲ್ ಅವರ ಮುಂದಾಳುಗಳಲ್ಲಿ ಒಬ್ಬ. ತಾನು ಕೂಲಿ ಮಾಡಿ ದುಡಿಯುವವನು, ತನ್ನ ಮೈಗೆ ಏನು ಬೇಕೆಂಬುದು ತನ್ನ ವಿಚಾರ ಎಂಬುದು ಆತನ ವಾದ. ಉಳಿದವರು ಬಾಯಿ ಮುಚ್ಚಿಕೊಂಡು ಮಾಡುತ್ತಿದ್ದುದನ್ನು ಆತ ಬಾಯಿ ಬಿಟ್ಟು ಹೇಳಿದ ಎಂಬುದು ನಿಜ. ಆದರೆ ಆ ವಾದದ ಇನ್ನೊಂದು ಮುಖ ಬೇಗನೆ ಕಾಣಿಸಿಕೊಂಡಿತು. 1967ರ ಜುಲೈ 13ರಂದು ಮೋಂ ವಾಂತು ಬೆಟ್ಟದ ಬಿರುಬಿಸಿಲಲ್ಲಿ ಇಂಗ್ಲೆಂಡಿನ ಟಾಮ್ ಸಿಂಪ್ಸನ್ ಕುಸಿದು ಸತ್ತ. ಆತನ ರಕ್ತದಲ್ಲಿ ಆಂಫೆಟಮಿನ್ ಇತ್ತು. ವಯಸ್ಸು 29. ಒಬ್ಬ ನುಂಗಿದರೆ ಪಕ್ಕದವನೂ ನುಂಗಲೇಬೇಕಾಗುವ ಆಟದಲ್ಲಿ ‘ನನ್ನ ಮೈ ನನ್ನ ವಿಚಾರ’ ಎಂಬ ಮಾತು ಎಷ್ಟು ದೂರ ನಡೆದೀತು?

ಅದಾಗಿ ಎರಡೂವರೆ ತಿಂಗಳಿಗೆ ಆಂಕೆತಿಲ್ ಮತ್ತೆ ಮಿಲಾನಿನ ವಿಗೊರೆಲ್ಲಿಗೆ ಬಂದ. ವಯಸ್ಸು 33. ಗಂಟೆಯ ದಾಖಲೆಯನ್ನು ಮೊದಲು ಮುರಿದು ಹನ್ನೊಂದು ವರ್ಷ ಕಳೆದಿತ್ತು. 1967ರ ಸೆಪ್ಟೆಂಬರ್ 27ರಂದು ಆತ 47.493 ಕಿ.ಮೀ. ತುಳಿದ. ರೊಜೆ ರಿವಿಯೇರ್ 1958ರಲ್ಲಿ ಸ್ಥಾಪಿಸಿದ್ದ 47.347 ಕಿ.ಮೀ. ದಾಖಲೆ ಮುರಿಯಿತು. ಇಳಿದೊಡನೆ ವೈದ್ಯರು ಮೂತ್ರದ ಮಾದರಿ ಕೇಳಿದರು. ಜನರ ನಡುವೆ, ಟ್ರ್ಯಾಕಿನಲ್ಲೇ ಕೊಡಲು ಆತ ಒಪ್ಪಲಿಲ್ಲ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ದಾಖಲೆಯನ್ನು ಮಾನ್ಯ ಮಾಡಲಿಲ್ಲ. ಮರುತಿಂಗಳೇ ಬೆಲ್ಜಿಯಂನ ಫೆರ್ದಿ ಬ್ರಾಕೆ ರೋಮ್‌ನಲ್ಲಿ 48.093 ಕಿ.ಮೀ. ದಾಟಿದ.

ಆ ಒಂದು ಗಂಟೆ ನಡೆದದ್ದು ನಿಜ, ಆ ದೂರ ಕ್ರಮಿಸಿದ್ದೂ ನಿಜ. ಪುಸ್ತಕದಲ್ಲಿ ಮಾತ್ರ ಅದು ಇಲ್ಲ. ಜೀವನವಿಡೀ ಗಡಿಯಾರವನ್ನು ನಂಬಿದ್ದವನಿಗೆ ಗಡಿಯಾರದ ಸಾಕ್ಷಿಯೂ ಸಾಲದಾಯಿತು. ಗಂಟೆಯಲ್ಲಿ ಎಷ್ಟು ದೂರ ಎಂಬುದರ ಜೊತೆಗೆ ಹೇಗೆ ಎಂಬ ಪ್ರಶ್ನೆಯನ್ನೂ ಕ್ರೀಡೆ ಕೇಳತೊಡಗಿತ್ತು.

ಕೊನೆಯ ಸುತ್ತು

1969ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಟ್ರ್ಯಾಕಿನಲ್ಲಿ ಆಂಕೆತಿಲ್ ತನ್ನ ಕೊನೆಯ ಪಂದ್ಯ ಓಡಿದ. ಬಳಿಕ ನಾರ್ಮಂಡಿಯ ದೊಡ್ಡ ಜಮೀನಿನಲ್ಲಿ ಬೇಸಾಯ ಮಾಡಿಕೊಂಡಿದ್ದ. ಸೈಕಲ್ ಮುಟ್ಟಿದ್ದೇ ಅಪರೂಪ. ಪುಲಿದೋರ್ ಮಾತ್ರ ನಲವತ್ತು ದಾಟುವವರೆಗೂ ಓಡಿದ, 1974ರಲ್ಲಿ ಮತ್ತೊಮ್ಮೆ ಎರಡನೆಯವನಾದ. ಪೈಪೋಟಿ ಮುಗಿದ ಮೇಲೆ ಇಬ್ಬರೂ ಗೆಳೆಯರಾದರು.

ಆಂಕೆತಿಲ್‌ಗೆ ಹೊಟ್ಟೆಯ ಕ್ಯಾನ್ಸರ್ ಹಿಡಿಯಿತು. ಕೊನೆಯ ದಿನಗಳಲ್ಲಿ ಆತ ಪುಲಿದೋರ್‌ಗೆ, ಇದರಲ್ಲೂ ನೀನು ನನಗಿಂತ ಎರಡನೆಯವನೇ ಎಂದು ತಮಾಷೆ ಮಾಡಿದ್ದನ್ನು ಪುಲಿದೋರ್ ಬಹಳ ವರ್ಷ ನೆನೆಸಿಕೊಳ್ಳುತ್ತಿದ್ದ. 1987ರ ನವೆಂಬರ್ 18ರಂದು ಆಂಕೆತಿಲ್ ತೀರಿಕೊಂಡ. ವಯಸ್ಸು 53. ಪುಲಿದೋರ್ 83 ವರ್ಷ ಬದುಕಿ 2019ರ ನವೆಂಬರ್‌ನಲ್ಲಿ ಕಣ್ಣು ಮುಚ್ಚಿದ. 2021ರ ಟೂರ್ ದ ಫ್ರಾನ್ಸಿನ ಎರಡನೆಯ ದಿನವೇ ಆತನ ಮಗಳ ಮಗ, ನೆದರ್‌ಲೆಂಡ್ಸಿನ ಮಾಥ್ಯೂ ವಾನ್ ದೆರ್ ಪೂಲ್, ಗೆದ್ದು ಆಕಾಶದತ್ತ ಬೆರಳು ತೋರಿಸಿ ಅತ್ತ. ಅಜ್ಜನಿಗೆ ಒಂದು ದಿನವೂ ಸಿಗದ ಹಳದಿ ಅಂಗಿ ಅಂದು ಮೊಮ್ಮಗನ ಮೈಮೇಲೆ ಬಂತು.

ಗಂಟೆಯ ದಾಖಲೆ ಅಲ್ಲಿಗೇ ನಿಂತಿಲ್ಲ. 1972ರಲ್ಲಿ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಗಾಳಿ ತೆಳುವಾಗಿರುವ ಮೆಕ್ಸಿಕೊ ನಗರಕ್ಕೆ ಹೋಗಿ 49.431 ಕಿ.ಮೀ. ತುಳಿದ. 2022ರ ಅಕ್ಟೋಬರ್‌ನಲ್ಲಿ ಇಟಲಿಯ ಫಿಲಿಪ್ಪೊ ಗನ್ನಾ ಸ್ವಿಟ್ಜರ್‌ಲೆಂಡಿನ ಟ್ರ್ಯಾಕಿನಲ್ಲಿ 56.792 ಕಿ.ಮೀ. ಮುಟ್ಟಿದ. ಬಳ್ಳಾರಿಯಲ್ಲಿ ಹತ್ತಿದವನು ಒಂದು ಗಂಟೆಯೊಳಗೆ ಸಿರುಗುಪ್ಪದಲ್ಲಿ ಇಳಿದಂತಾಯಿತು. ಅದೂ ಬಸ್ಸಿಗಿಂತ ಮೊದಲು.

ಕರ್ನಾಟಕದಲ್ಲಿ ಸೈಕಲ್ ಸ್ಪರ್ಧೆಯ ತವರೆಂದರೆ ವಿಜಯಪುರ ಮತ್ತು ಬಾಗಲಕೋಟೆಯ ಸೀಮೆ. ಅಲ್ಲಿನ ಹಳ್ಳಿಗಳಲ್ಲಿ ಜಾತ್ರೆಗೆ ಕುಸ್ತಿ, ಬಂಡಿ ಓಟದ ಜೊತೆ ಸೈಕಲ್ ಓಟವೂ ಉಂಟು. ಸರ್ಕಾರದ ಕ್ರೀಡಾನಿಲಯಗಳಲ್ಲಿ ಪಳಗಿದ ಅಲ್ಲಿನ ರೈತರ ಮಕ್ಕಳು ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ಬಳ್ಳಾರಿಯ ಕಡೆ ಅದೇ ಬಿಸಿಲು, ಅದೇ ಎರೆಮಣ್ಣು, ಅದೇ ನೆಟ್ಟಗಿನ ರಸ್ತೆ ಇದ್ದರೂ ಆ ಪದ್ಧತಿ ಅಷ್ಟಾಗಿ ಬೇರೂರಲಿಲ್ಲ. 2006–07ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚತೊಡಗಿದಾಗ ಇಲ್ಲಿನ ಹಳ್ಳಿಗಳ ಹುಡುಗ ಹುಡುಗಿಯರೂ ಸಾಲಾಗಿ ಶಾಲೆಗೆ ತುಳಿದರು. ಆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಹೋಗುವವರು ಯಾರು, ಹಿಂದೆ ಬಿದ್ದ ಗೆಳತಿಗಾಗಿ ಕಾಯುವವರು ಯಾರೆಂಬುದು ರಸ್ತೆ ಬದಿ ನಿಂತು ನೋಡಿದವರಿಗೆ ತಿಳಿಯುತ್ತಿತ್ತು.

ಬಾಡಿಗೆ ಸೈಕಲ್ಲಿನ ಅಂಗಡಿಯಾತ ಬರೆದುಕೊಳ್ಳುತ್ತಿದ್ದದ್ದು ಹೊರಟ ಹೊತ್ತು ಮತ್ತು ಬಂದ ಹೊತ್ತು, ಎರಡೇ. ಹುಡುಗ ನಡುವೆ ಎಲ್ಲಿ ಬಿದ್ದ, ಯಾರನ್ನು ಹಿಂದೆ ಕೂರಿಸಿಕೊಂಡ, ಏರಿನಲ್ಲಿ ಎಷ್ಟು ಏದುಸಿರು ಬಿಟ್ಟ ಎಂಬುದಕ್ಕೆ ಆ ಪುಸ್ತಕದಲ್ಲಿ ಜಾಗವಿರಲಿಲ್ಲ. ಅದನ್ನೆಲ್ಲ ನೆನಪಿಟ್ಟುಕೊಂಡವರು ದಾರಿಯಲ್ಲಿ ನಿಂತು ನೋಡಿದವರು. ಆಂಕೆತಿಲ್ ಅಂಗಡಿಯ ಪುಸ್ತಕದಲ್ಲಿ ಮೊದಲಿಗ. ಪುಲಿದೋರ್ ದಾರಿಬದಿಯ ಜನರ ನೆನಪಿನಲ್ಲಿ ಮೊದಲಿಗ. ಇಬ್ಬರೂ ತುಳಿದದ್ದು ಒಂದೇ ರಸ್ತೆ.